ಆಸ್ಪಿಕ್: ತಿಳಿಯೂ ಬೇಕು, ಹದವೂ ಬೇಕು

ತಣ್ಣಗಿನ ಕೋಳಿ, ಹ್ಯಾಮ್, ನಾಲಿಗೆ ಮಾಂಸದ ಮೇಲೆ ಫ್ರೆಂಚ್ ಅಡುಗೆಯವರು ಹೊದಿಸುವ ಹೊಳಪಿನ ಮಾಂಸದ ಜೆಲ್ಲಿಯೇ ಆಸ್ಪಿಕ್. ಅದು ಕೆಡುವುದು ಹೆಚ್ಚಾಗಿ ಎರಡು ಕಡೆ: ಸಾರು ಕಾಯಿಸುವಾಗ ಮತ್ತು ಜೆಲ್ಲಿ ಸುರಿಯುವಾಗ.

ಸೀಳಿದ ಎರಡು ಕರುವಿನ ಕಾಲುಗಳನ್ನು 5 ನಿಮಿಷ ಕುದಿಸಿ, ನೀರು ಚೆಲ್ಲಿ ತೊಳೆಯಿರಿ. 1.5 ಕಿಲೋ ಕರುವಿನ ಮೊಣಕಾಲಿನ ಮೂಳೆಮಾಂಸ, 200 ಗ್ರಾಂ ಹಂದಿ ಚರ್ಮ, ಈರುಳ್ಳಿ, ಕ್ಯಾರೆಟ್, ಲೀಕ್ (ಈರುಳ್ಳಿ ಜಾತಿಯ ತರಕಾರಿ), ಥೈಮ್ ಸೊಪ್ಪು, ಬೇ ಎಲೆ, 4 ಲೀಟರ್ ತಣ್ಣೀರು ಸೇರಿಸಿ, ಮುಚ್ಚಳವಿಲ್ಲದೆ 5-6 ಗಂಟೆ ಸಣ್ಣ ಉರಿಯಲ್ಲಿಡಿ. ನೊರೆ ತೆಗೆಯುತ್ತಿರಿ. ಕೊತಕೊತ ಕುದಿಸಿದರೆ ಕೊಬ್ಬು ಸಾರಿನಲ್ಲೇ ಬೆರೆತು ಕದಡುತ್ತದೆ. ಹೆಪ್ಪುಗಟ್ಟಿಸುವ ಜೆಲಟಿನ್ ಬರುವುದು ಕಾಲು, ಚರ್ಮ, ಕೀಲುಗಳಿಂದ. ಉಳಿದ ಕಾಲು ಸೂಪು ಫ್ರಿಜ್‌ನಲ್ಲಿ ಗಟ್ಟಿಯಾಗುವುದೂ ಅದರಿಂದಲೇ.

ಸೋಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಮೇಲೆ ಕಟ್ಟಿದ ಕೊಬ್ಬನ್ನು ಪೂರ್ತಿ ತೆಗೆಯಿರಿ. ಒಂದು ಚಮಚ ಸಾರನ್ನು ತಣ್ಣನೆಯ ತಟ್ಟೆಗೆ ಹಾಕಿ 10 ನಿಮಿಷ ಫ್ರಿಜ್‌ನಲ್ಲಿಟ್ಟು ನೋಡಿ. ಚಾಕು ಹಾಕಿದರೆ ನಿಲ್ಲಬೇಕು, ಅಲುಗಾಡಿಸಿದರೆ ನಡುಗಬೇಕು. ಸಡಿಲವಾದರೆ ನೆನೆಸಿದ ಜೆಲಟಿನ್ ಹಾಳೆ ಸ್ವಲ್ಪ ಸೇರಿಸಿ. ಹೆಚ್ಚಾದರೆ ಬಾಯಲ್ಲಿ ರಬ್ಬರ್.

ತಿಳಿ ಮಾಡಲು ತಣ್ಣನೆಯ ಸಾರಿನ ಲೀಟರಿಗೆ 2 ಮೊಟ್ಟೆಯ ಬಿಳಿ, 150 ಗ್ರಾಂ ಕೊಬ್ಬಿಲ್ಲದ ದನದ ಕೈಮಾ, ಸ್ವಲ್ಪ ಟ್ಯಾರಗನ್ ಎಂಬ ಪರಿಮಳದ ಸೊಪ್ಪು ಬೆರೆಸಿ ನಿಧಾನ ಕಾಯಿಸಿ. ಬಿಳಿ ಗಟ್ಟಿಯಾಗತೊಡಗುವವರೆಗೆ ತಿರುವಿ, ಆಮೇಲೆ ಸೌಟು ಮುಟ್ಟಬೇಡಿ. ಕಲ್ಮಶ ಹಿಡಿದು ಮೇಲೆ ತೇಲುವ ಪದರ ಒಡೆದರೆ ಶ್ರಮವೆಲ್ಲ ನೀರುಪಾಲು. ಅರ್ಧ ಗಂಟೆಯ ಬಳಿಕ ಒದ್ದೆ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ತಣ್ಣಗಿನ ಆಹಾರಕ್ಕೆ ಉಪ್ಪು ತುಸು ಮುಂದಿರಲಿ. ಬೆಚ್ಚಗಿನ ಹದಕ್ಕೆ ಬಂದ ಮೇಲೆ ಲೀಟರಿಗೆ 100 ಮಿಲಿಲೀಟರ್ ಮದೀರಾ ವೈನ್ ಸೇರಿಸಿ, ತಟ್ಟೆ ಪರೀಕ್ಷೆ ಮತ್ತೊಮ್ಮೆ ಮಾಡಿ, ಏಕೆಂದರೆ ವೈನ್ ಜೆಲ್ಲಿಯನ್ನು ಸಡಿಲಿಸುತ್ತದೆ.

ಬೇಯಿಸಿ ತಣ್ಣಗಾದ ಕೋಳಿಯ ಚರ್ಮ ಸುಲಿದು, ತೇವ ಒರೆಸಿ (ಒದ್ದೆ ಮೈಗೆ ಜೆಲ್ಲಿ ಹಿಡಿಯದು), ತಂತಿ ಜಾಲರಿಯ ಮೇಲಿಡಿ. ಜೆಲ್ಲಿಯ ಬಟ್ಟಲನ್ನು ಐಸ್ ಮೇಲಿಟ್ಟು ಚಮಚದಿಂದ ಮೆಲ್ಲಗೆ ತಿರುವಿ. ಕಡೆದರೆ ಗುಳ್ಳೆ ಬರುತ್ತದೆ. ಎಣ್ಣೆಯಷ್ಟು ಮಂದವಾದ ಕ್ಷಣವೇ ಸುರಿಯುವ ಹದ. ಅದಕ್ಕಿಂತ ಬಿಸಿಯಿದ್ದರೆ ಜಾರಿ ಕೆಳಗಿನ ಪದರವನ್ನೂ ಕರಗಿಸುತ್ತದೆ, ತಣ್ಣಗಿದ್ದರೆ ಗಂಟುಗಂಟು. ಮೂರು ತೆಳು ಪದರ, ನಡುವೆ 10 ನಿಮಿಷ ಫ್ರಿಜ್. ಅಲಂಕಾರದ ಎಲೆಗಳನ್ನು ಜೆಲ್ಲಿಯಲ್ಲಿ ಅದ್ದಿಯೇ ಅಂಟಿಸಿ.

ಬಿಳಿ ಹೊದಿಕೆ ಬೇಕೆಂದರೆ ಶೋ-ಫ್ರುವಾ ಎಂಬ ಸಾಸ್: ವೆಲೂಟೆ (ಬೆಣ್ಣೆಯಲ್ಲಿ ಹುರಿದ ಮೈದಾದಿಂದ ಮಂದ ಮಾಡಿದ ಬಿಳಿ ಸಾರು) ಮತ್ತು ಜೆಲ್ಲಿ ಸಮಸಮ, ಕ್ರೀಮ್ ಜೆಲ್ಲಿಯ ಅರ್ಧ. ಕಂದು ಹೊಳಪಿಗಾದರೆ ಉಪ್ಪು ಹಾಕದ ಕಂದು ಸಾರನ್ನು (ಹುರಿದ ಮೂಳೆಗಳಿಂದ ಮಾಡಿದ್ದು) ಹತ್ತನೇ ಒಂದು ಪಾಲಿಗೆ ಇಳಿಸಿ ಬ್ರಷ್‌ನಿಂದ ಸವರಿ. ಮೊದಲೇ ಉಪ್ಪಿದ್ದರೆ ಕೊನೆಗೆ ಬಾಯಿಗಿಡಲಾಗದು.

ಬಡಿಸುವವರೆಗೂ ಫ್ರಿಜ್‌ನಲ್ಲೇ ಇರಲಿ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಜೆಲ್ಲಿ ಕರಗುತ್ತದೆ, ಬ್ಯಾಕ್ಟೀರಿಯಾಗಳಿಗೂ ಅದು ಸೊಗಸಾದ ಊಟ; ಎರಡು ದಿನದೊಳಗೆ ತಿಂದು ಮುಗಿಸಿ.