ಇಲಿಯ ಲಿವರಿನಿಂದ ಕೊಬ್ಬು ತೆಗೆದಿದ್ದು

ಪಿಎಚ್‌ಡಿಗೆ ಸೇರಿದ ಮೊದಲ ವಾರ ಮೇಡಂ ಒಂದು ಫೋಟೋ ತೋರಿಸಿದರು. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು. ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ ಒಟ್ಟಿಗೆ ನಿಂತಿದ್ದಾರೆ. ಇಬ್ಬರ ಬಿಎಂಐಯೂ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಮೈಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ನನಗೆ ನಮ್ಮಪ್ಪ ನೆನಪಾದರು. ಸಣಕಲು ಮೈ, ಆದರೂ ಶುಗರ್, ಜೊತೆಗೆ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್. ಕೊಬ್ಬು ಎಲ್ಲಿ ಕೂತಿದೆ, ಯಾವ ಬಗೆಯದು ಅಂತ ನೋಡುವ ಕೆಲಸವೇ ನನ್ನ ಪಾಲಿಗೆ ಬಂತು.

ಕೆಲಸ ಇಲಿಗಳಲ್ಲಿ. ಒಂದು ಗುಂಪಿಗೆ ಮಾಮೂಲಿ ಆಹಾರ, ಇನ್ನೊಂದಕ್ಕೆ ಶೇ 60ರಷ್ಟು ಕ್ಯಾಲರಿ ಕೊಬ್ಬಿನಿಂದಲೇ ಬರುವ ಆಹಾರ. 16 ವಾರ ಕಳೆದು ಲಿವರ್ ತೆಗೆದಾಗ ಯಾವುದು ಯಾವ ಗುಂಪಿನದು ಅಂತ ಚೀಟಿ ನೋಡಬೇಕಾಗಲಿಲ್ಲ. ಒಂದು ಕಡುಗೆಂಪು. ಇನ್ನೊಂದು ಮಾಸಲು ಹಳದಿ, ಕತ್ತರಿಸಿದರೆ ಬ್ಲೇಡಿಗೆ ಜಿಡ್ಡು.

ಕೊಬ್ಬು ಬೇರ್ಪಡಿಸಲು ನಾವು ಹಿಡಿದಿದ್ದು 1957ರ ಫೋಲ್ಚ್ ವಿಧಾನ. 100 ಮಿಲಿಗ್ರಾಂ ಲಿವರನ್ನು 2 ಎಂಎಲ್ ದ್ರಾವಣದಲ್ಲಿ ನುಣ್ಣಗೆ ಅರೆಯಬೇಕು. ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು. ಆಮೇಲೆ 0.4 ಎಂಎಲ್ ಉಪ್ಪುನೀರು ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎರಡು ಪದರ ಆಗುತ್ತದೆ. ಸಾರಿನ ಮೇಲೆ ಎಣ್ಣೆ ತೇಲುವುದನ್ನು ನೋಡಿ ಬೆಳೆದವರಿಗೆ ಇದು ಉಲ್ಟಾ. ಕ್ಲೋರೋಫಾರ್ಮ್ ನೀರಿಗಿಂತ ಭಾರ, ಹಾಗಾಗಿ ಕೊಬ್ಬೆಲ್ಲ ತಳದಲ್ಲಿ. ನಡುವೆ ಬಿಳಿ ಬಿಲ್ಲೆಯ ಹಾಗೆ ಪ್ರೋಟೀನ್ ಕೂತಿರುತ್ತದೆ. ಗಾಜಿನ ಪಿಪೆಟ್‌ನಿಂದ ಮೆಲ್ಲಗೆ ಗುಳ್ಳೆ ಬಿಡುತ್ತಾ ಆ ಬಿಲ್ಲೆಯ ಅಂಚಿನಲ್ಲಿ ನುಸುಳಬೇಕು. ಇಲ್ಲದಿದ್ದರೆ ಮೇಲಿನ ನೀರು ತುದಿಯೊಳಗೆ ಹೊಕ್ಕು ಎಲ್ಲ ಕೆಡುತ್ತದೆ. ನನಗೆ ಕೈ ಕುದುರಲು ಎರಡು ವಾರ ಬೇಕಾಯಿತು. ಕೊನೆಗೆ ನೈಟ್ರೋಜನ್ ಊದಿ ಒಣಗಿಸುವುದು. ಗಾಳಿಯಲ್ಲೇ ಬಿಟ್ಟರೆ ಹಳೇ ಕಡಲೆಕಾಯಿ ಎಣ್ಣೆಯ ಹಾಗೆ ಕಮಟು ಹಿಡಿಯುತ್ತದೆ.

ಎಡವಟ್ಟಾಗಿದ್ದು ಟ್ಯೂಬಿನಲ್ಲಿ. ಗಾಜಿನವು ಸಾಲದೆ ಸುಮ್ನೆ ಪ್ಲಾಸ್ಟಿಕ್ ಟ್ಯೂಬ್ ಬಳಸಿದ್ದೆ. ಒಣಗಿಸಿದ ಕೊಬ್ಬನ್ನು ಸಿಲಿಕಾ ಪ್ಲೇಟಿನ ಬುಡದಲ್ಲಿ ಹನಿಹನಿಯಾಗಿ ಇಟ್ಟು ಓಡಿಸಿ (ದ್ರಾವಣ ಪ್ಲೇಟನ್ನು ಏರುತ್ತಾ ಬಗೆಬಗೆಯ ಕೊಬ್ಬನ್ನು ಬೇರೆಬೇರೆ ಎತ್ತರಕ್ಕೆ ಒಯ್ಯುತ್ತದೆ), ಅಯೋಡಿನ್ ಹರಳಿದ್ದ ಗಾಜಿನ ಡಬ್ಬಿಯೊಳಗೆ ನಿಲ್ಲಿಸಿದೆ. ಕಂದು ಕಲೆಗಳು ಒಂದೊಂದಾಗಿ ಮೂಡಿದವು. ಬುಡದಲ್ಲೇ ಜೀವಕೋಶದ ಪೊರೆಯ ಕೊಬ್ಬಾದ ಫಾಸ್ಫೋಲಿಪಿಡ್, ಮೇಲಕ್ಕೆ ಮೈ ಕೂಡಿಡುವ ಕೊಬ್ಬಾದ ಟ್ರೈಗ್ಲಿಸರೈಡ್. ಕೊಬ್ಬು ತಿಂದ ಇಲಿಯ ಸಾಲಿನಲ್ಲಿ ಟ್ರೈಗ್ಲಿಸರೈಡ್ ಕಲೆ ಕಾಫಿ ಚೆಲ್ಲಿದ ಹಾಗಿತ್ತು. ಬುಡಕ್ಕಿಂತ ಸ್ವಲ್ಪ ಮೇಲೆ ಇನ್ನೊಂದು ಚಿಕ್ಕ ಕಲೆ. ಡೈಅಸೈಲ್‌ಗ್ಲಿಸರಾಲ್ (ಟ್ರೈಗ್ಲಿಸರೈಡಿಗಿಂತ ಒಂದು ಕೊಬ್ಬಿನ ಆಮ್ಲ ಕಮ್ಮಿ ಇರುವ ಕೊಬ್ಬು) ಸಿಕ್ಕೇಬಿಟ್ಟಿತು ಅಂತ ಕುಣಿದಾಡಿದೆ. ಇನ್ಸುಲಿನ್ ಮಾತನ್ನು ಲಿವರ್ ಕೇಳದ ಹಾಗೆ ಮಾಡುವುದು ಇದೂ ಸೆರಮೈಡ್ ಅನ್ನುವ ಇನ್ನೊಂದು ಬಗೆಯ ಕೊಬ್ಬೂ ಇರಬಹುದು ಅನ್ನುವ ವಾದ ಈ ಕ್ಷೇತ್ರದಲ್ಲಿ ಜೋರಾಗಿದೆ. ಟ್ರೈಗ್ಲಿಸರೈಡ್ ಬರೀ ಉಗ್ರಾಣ ಅನ್ನುವವರೂ ಇದ್ದಾರೆ. ಕೊಬ್ಬಿನ ಗುಂಪಿನಲ್ಲಿ ಆ ಚಿಕ್ಕ ಕಲೆ ಒಂಚೂರು ಗಾಢ ಅಂತಲೂ ಅನ್ನಿಸಿತು. ಬೇಕು ಅಂದುಕೊಂಡಿದ್ದೇ ಕಣ್ಣಿಗೆ ಕಾಣುವುದು, ಅಲ್ವಾ.

ಮೇಡಂ ಪ್ಲೇಟ್ ನೋಡಿ, "ಬ್ಲ್ಯಾಂಕ್ ಎಲ್ಲಮ್ಮಾ?" ಅಂದರು.

ಹಾಕಿರಲಿಲ್ಲ. ಮಾರನೇ ದಿನ ಲಿವರ್ ಇಲ್ಲದ ಖಾಲಿ ಟ್ಯೂಬಿಗೆ ಅದೇ ದ್ರಾವಣ ಹಾಕಿ, ಅದೇ ಕೆಲಸವೆಲ್ಲ ಮಾಡಿ ಪ್ಲೇಟ್ ಓಡಿಸಿದೆ. ಅದೇ ಜಾಗದಲ್ಲಿ ಅದೇ ಕಲೆ! ಟ್ಯೂಬ್ ಅಚ್ಚಿಗೆ ಅಂಟದಿರಲಿ ಅಂತ ಪ್ಲಾಸ್ಟಿಕ್‌ಗೆ ಓಲಿಯಮೈಡ್‌ನಂಥ ಜಾರು ಪದಾರ್ಥ ಬೆರೆಸಿರುತ್ತಾರೆ. ಅದೂ ಕೊಬ್ಬಿನ ಆಮ್ಲದಿಂದಲೇ ಆದದ್ದು. ಕ್ಲೋರೋಫಾರ್ಮ್ ಅದನ್ನು ಎಳೆದುಕೊಂಡು ಬಂದಿತ್ತು. ಮೂರು ವಾರದ ಕೆಲಸ ಕಸದ ಬುಟ್ಟಿಗೆ.

ಈಗ ಗಾಜಿನ ಟ್ಯೂಬ್, ಟೆಫ್ಲಾನ್ ಪದರದ ಮುಚ್ಚಳ. ಬಳಸುವ ಮೊದಲು ಟ್ಯೂಬನ್ನೂ ಕ್ಲೋರೋಫಾರ್ಮ್‌ನಲ್ಲೇ ತೊಳೆಯುತ್ತೇನೆ. ಸೆರಮೈಡ್ ಅಳೆಯಲು ಹೋದ ವಾರ ಮಾಸ್ ಸ್ಪೆಕ್‌ಗೆ (ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರ) ಡ್ರೈ ಐಸ್‌ನಲ್ಲಿ 24 ಬಾಟಲಿ ಕಳಿಸಿದೆ. ಅದರಲ್ಲಿ ಮೂರು ಖಾಲಿ ಟ್ಯೂಬಿನವು.