ರಾಕೆಟ್ಟಿಗೆ ಎರಡು ಕಣ್ಣು

ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ರಾಕೆಟ್ ಹೊತ್ತು ಬರುವ ಹವ್ಯಾಸಿಗಳ ಮಾತೆಲ್ಲ ಮೋಟಾರಿನ ಸುತ್ತಲೇ ಇರುತ್ತದೆ. ನನ್ನ ಸಮಯವನ್ನು ತಿಂದದ್ದು ಮಾತ್ರ ರಾಕೆಟ್ಟಿಗೆ ಕೂರಿಸಿದ ಎರಡು ಕ್ಯಾಮೆರಾಗಳು.

ಮೋಟಾರಿನ ವಿಷಯ ಬೇಗ ಮುಗಿಸುತ್ತೇನೆ. ಮೋಟಾರುಗಳ ವರ್ಗಕ್ಕೆ ಇಂಗ್ಲಿಷ್ ಅಕ್ಷರದ ಹೆಸರು; ಅಕ್ಷರ ಒಂದು ಮುಂದಕ್ಕೆ ಹೋದಂತೆ ಮೋಟಾರು ಉರಿಯುವಷ್ಟು ಹೊತ್ತು ಕೊಡುವ ಒಟ್ಟು ನೂಕಿನ (ಬಲ ಗುಣಿಸು ಸಮಯ) ಮಿತಿ ಇಮ್ಮಡಿಯಾಗುತ್ತದೆ. ನನ್ನದು ‘ಜೆ’ ವರ್ಗದ್ದು. ಅದರ ಮೇಲ್ಮಿತಿ 1280 ನ್ಯೂಟನ್-ಸೆಕೆಂಡ್. ಇದಕ್ಕೆ ಟ್ರಿಪೊಲಿಯಂತಹ ಹವ್ಯಾಸಿ ರಾಕೆಟ್ ಸಂಘದ ಎರಡನೇ ಹಂತದ ಪ್ರಮಾಣಪತ್ರ ಬೇಕು. ಆಕಾಶವನ್ನು ಬಳಸಲು ಬೇಕಾದ ವಿಮಾನಯಾನ ಆಡಳಿತದ ಅನುಮತಿಯನ್ನು ಉಡಾವಣೆ ನಡೆಸುವವರೇ ಪಡೆದಿರುತ್ತಾರೆ. ಇದೇ ಒಣ ಕೆರೆಯಂಗಳದಿಂದ 2004ರಲ್ಲಿ ಹವ್ಯಾಸಿಗಳ ರಾಕೆಟ್ಟೊಂದು ಅಂತರಿಕ್ಷವನ್ನೇ ಮುಟ್ಟಿತ್ತು. ನನ್ನ ಐದು ಕಿಲೋದ ರಾಕೆಟ್ ಸುಮಾರು 1200 ಮೀಟರ್ ಏರಿದರೆ ಸಾಕಿತ್ತು.

ರಾಕೆಟ್ಟಿನ ಮೈಮೇಲೆ ಕ್ಯಾಮೆರಾದ ಗೂಡು ಉಬ್ಬಿಕೊಂಡರೆ ಗಾಳಿ ಆ ಬದಿಯನ್ನು ಹಿಡಿದೆಳೆಯುತ್ತದೆ. ಹಾಗಾಗಿ ಎರಡು ಗೂಡುಗಳನ್ನು ಎದುರುಬದುರಾಗಿ, ಎಲೆಕ್ಟ್ರಾನಿಕ್ಸ್ ಇರುವ ಮೇಲಿನ ಭಾಗದಲ್ಲೇ ಕೂರಿಸಿದೆ. ಒಂದರ ನೋಟ ಕೆಳಕ್ಕೆ, ಇನ್ನೊಂದರದು ಮೂತಿಯ ಕಡೆಗೆ. ಗೂಡುಗಳು ಅಷ್ಟು ಮೇಲೆ ಬಂದದ್ದರಿಂದ ಒತ್ತಡ ಕೇಂದ್ರವೂ, ಅಂದರೆ ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದುವೂ, ಮುಂದಕ್ಕೆ ಸರಿಯಿತು. ರಾಕೆಟ್ ನೆಟ್ಟಗೆ ಹಾರಲು ಅದು ಗುರುತ್ವ ಕೇಂದ್ರಕ್ಕಿಂತ ಕನಿಷ್ಠ ರಾಕೆಟ್ಟಿನ ಒಂದು ವ್ಯಾಸದಷ್ಟು ಹಿಂದಿರಬೇಕು. ಓಪನ್‌ರಾಕೆಟ್ ತಂತ್ರಾಂಶದಲ್ಲಿ ಲೆಕ್ಕ ಹಾಕಿ, ಮೂತಿಗೆ ತೂಕ ಸೇರಿಸಿ ಗುರುತ್ವ ಕೇಂದ್ರವನ್ನೂ ಮುಂದಕ್ಕೆ ತಂದೆ. ಎತ್ತರ ಅಳೆಯುವ ಉಪಕರಣ ಗಾಳಿಯ ಒತ್ತಡವನ್ನು ನಂಬಿಕೊಂಡಿರುವುದರಿಂದ, ಅದರ ರಂಧ್ರಗಳು ಗೂಡಿನ ಹಿಂದಿನ ಸುಳಿಗೆ ಸಿಗಬಾರದು. ಅವುಗಳನ್ನು ಗೂಡುಗಳ ಮುಂದೆಯೇ ಕೊರೆದೆ.

ಕ್ಯಾಮೆರಾದೊಳಗೆ ಮಾಡಿದ್ದು ಸಣ್ಣಪುಟ್ಟ ಕೆಲಸ: ವೈಫೈ ಆರಿಸುವುದು, ಚಿತ್ರ ಸ್ಥಿರಗೊಳಿಸುವ ಸೌಲಭ್ಯವನ್ನು ತೆಗೆಯುವುದು, ಮೆಮೊರಿ ಕಾರ್ಡ್ ಜಿಗಿದು ಬರದಂತೆ ಟೇಪ್ ಅಂಟಿಸುವುದು. ಟೇಪನ್ನು ಕಂಡು ನಗುವವರಿದ್ದಾರೆ, ನಗಲಿ.

ಉಡಾವಣೆಯ ಕಂಬಿಯ ಬಳಿ ಕ್ರಮ ತಪ್ಪುವಂತಿಲ್ಲ. ರಾಕೆಟ್ ನೆಟ್ಟಗೆ ನಿಂತ ಮೇಲೆ ಕ್ಯಾಮೆರಾ, ಬಳಿಕ ಎತ್ತರಮಾಪಕ, ಮೋಟಾರಿಗೆ ಕಿಡಿ ಕೊಡುವ ತಂತಿ ಎಲ್ಲಕ್ಕಿಂತ ಕೊನೆಗೆ. ಆಮೇಲೂ ನಮ್ಮ ಸರದಿಗೆ ಬಿಸಿಲಿನಲ್ಲಿ ಕಾಯಬೇಕು. ಅಷ್ಟು ಹೊತ್ತು ಚಿತ್ರೀಕರಣ ನಡೆಯುತ್ತಲೇ ಇರುವುದರಿಂದ ಕಾರ್ಡ್ ದೊಡ್ಡದಿರಬೇಕು, ಕ್ಯಾಮೆರಾ ಬಿಸಿ ತಡೆಯುವಂಥದ್ದಾಗಿರಬೇಕು.

ಹಾರಾಟ ಕೆಳಗಿನಿಂದ ನೋಡಿದವರಿಗೆ ಸೊಗಸಾಗಿತ್ತು. ನಮ್ಮ ದೀಪಾವಳಿಯ ಬಾಣವನ್ನು ಮೇಲಕ್ಕೆ ಹಾರಿಸುವ ಕರಿಮದ್ದಿಗೆ ಇಲ್ಲಿ ಬೇರೆ ಕೆಲಸ: ತುತ್ತತುದಿಯಲ್ಲಿ ಅದರ ಒಂದು ಚಿಟಿಕೆ ಸಿಡಿದು ರಾಕೆಟ್ಟನ್ನು ಎರಡು ತುಂಡು ಮಾಡಿತು, ಸಣ್ಣ ಪ್ಯಾರಾಶೂಟ್ ಹೊರಬಂತು. ಸುಮಾರು 200 ಮೀಟರ್ ಎತ್ತರದಲ್ಲಿ ಇನ್ನೊಂದು ಚಿಟಿಕೆ ಮೂತಿಯ ನೈಲಾನ್ ಸ್ಕ್ರೂಗಳನ್ನು ಕತ್ತರಿಸಿ ದೊಡ್ಡದನ್ನು ಬಿಡಿಸಿತು.

ಇಳಿದ ರಾಕೆಟ್ಟಿನ ಮೇಲೆ ಒಂದು ಆಳವಾದ ತರಚು ಇತ್ತು. ನೆಲಕ್ಕೆ ಬಡಿದು ಆಗಿರಬೇಕೆಂದು ಸುತ್ತ ನಿಂತವರೆಲ್ಲ ಹೇಳಿದರು. ಕೆಳಕ್ಕೆ ನೋಡುವ ಕ್ಯಾಮೆರಾ ಒಪ್ಪಲಿಲ್ಲ. ಸಣ್ಣ ಪ್ಯಾರಾಶೂಟಿನಡಿ ಎರಡು ತುಂಡುಗಳೂ ಒಂದೇ ಮಟ್ಟದಲ್ಲಿ ತೂಗಾಡುತ್ತ, ಇಳಿಯುವಷ್ಟು ಹೊತ್ತೂ ಒಂದಕ್ಕೊಂದು ಗುದ್ದುತ್ತಿದ್ದವು. ಕ್ಯಾಮೆರಾದ ಗೂಡೇ ಹೆಚ್ಚು ಪೆಟ್ಟು ತಿನ್ನುತ್ತಿತ್ತು. ಈಗ ಸಣ್ಣ ಪ್ಯಾರಾಶೂಟನ್ನು ಎರಡು ತುಂಡುಗಳನ್ನು ಜೋಡಿಸುವ ಹಗ್ಗದ ಮಧ್ಯಕ್ಕೆ ಕಟ್ಟುವುದಿಲ್ಲ. ಹಗ್ಗದ ಮೂರನೇ ಒಂದು ಭಾಗ ಮೇಲಿನ ತುಂಡಿನ ಕಡೆಗೆ, ಉಳಿದದ್ದು ಮೋಟಾರಿರುವ ತುಂಡಿನ ಕಡೆಗೆ ಬರುವಂತೆ ಕಟ್ಟುತ್ತೇನೆ. ಮೋಟಾರಿನ ತುಂಡು ಸಾಕಷ್ಟು ಕೆಳಗೆ ತೂಗುತ್ತದೆ, ಗೂಡಿನ ತಂಟೆಗೆ ಬರುವುದಿಲ್ಲ.