ಸಾಮಾನು ಒಂದೇ, ಪ್ರಶ್ನೆ ಮೂರು: ಮನೆಯಲ್ಲಿ ಕಲಿಸುವ ಕ್ರಮ

ಮನೆಯಲ್ಲೇ ಕಲಿಸಲು ಹೊರಟವರು ಸಾಮಾನ್ಯವಾಗಿ ಮೂರು ಮಕ್ಕಳಿಗೆ ಮೂರು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಅದು ಹೆಚ್ಚು ದಿನ ನಡೆಯುವುದಿಲ್ಲ. ಒಂಬತ್ತರ ಮಗುವಿಗೆ ಭಾಗಾಕಾರ ಹೇಳಿಕೊಡುವಾಗ ಮೂರರ ಮಗು ಪುಸ್ತಕದ ಮೇಲೆಯೇ ಬಂದು ಕೂರುತ್ತದೆ. ಹಾಗಾಗಿ ನಾನು ಚಾಪೆಯ ಮೇಲೆ ಎಲ್ಲರಿಗೂ ಒಂದೇ ಸಾಮಾನು ಇಡುತ್ತೇನೆ, ಕೇಳುವ ಪ್ರಶ್ನೆ ಮಾತ್ರ ವಯಸ್ಸಿಗೆ ತಕ್ಕಂತೆ ಬೇರೆ. ಇದೇನೂ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ.

ಸಾಮಾನಿನ ಬಗ್ಗೆ ಮೊದಲೇ ಒಂದು ಎಚ್ಚರಿಕೆ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಹುಣಸೆ ಬೀಜ, ಗುಂಡಿ, ಕವಡೆ ಅದರ ಕೈಗೆ ಸಿಗಬಾರದು. ಅದಕ್ಕೆ ಉಪ್ಪಿನಕಾಯಿ ಜಾಡಿಯ ದೊಡ್ಡ ಮುಚ್ಚಳಗಳು ಸಾಕು. ಗುಲಗಂಜಿಯನ್ನಂತೂ ಯಾವ ವಯಸ್ಸಿನವರ ಎಣಿಕೆಗೂ ತರಬೇಡಿ. ನೋಡಲು ಎಷ್ಟು ಚಂದವೋ ಅಷ್ಟೇ ವಿಷ, ಜಗಿದರೆ ಜೀವಕ್ಕೇ ಅಪಾಯ.

ಲೆಕ್ಕಕ್ಕೆ ಚೌಕಾಬಾರದಷ್ಟು ಕೆಲಸಕ್ಕೆ ಬರುವ ಆಟ ಇನ್ನೊಂದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ 5 ಅಡ್ಡ, 5 ಉದ್ದ, ಒಟ್ಟು 25 ಮನೆ ಬರೆಯಿರಿ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಕಾಟು ಹಾಕಿ. ಕವಡೆ ಇಲ್ಲದಿದ್ದರೆ ನಾಲ್ಕು ಒಣ ಹುಣಸೆ ಬೀಜ ತೆಗೆದುಕೊಂಡು ಒಂದೊಂದರ ಒಂದೇ ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ. ಕಂದು ಸಿಪ್ಪೆ ಹೋಗುತ್ತಿದ್ದಂತೆ ನಿಲ್ಲಿಸಿ, ಇನ್ನೂ ತಿಕ್ಕಿದರೆ ಬೀಜ ತೆಳುವಾಗಿ ಸೀಳುತ್ತದೆ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರ, 8. ಹೊರಗಿನ 16 ಮನೆಯನ್ನು ಒಂದು ದಿಕ್ಕಿಗೆ ಸುತ್ತಿ, ಒಳಗಿನ 8 ಮನೆಯನ್ನು ಎದುರು ದಿಕ್ಕಿಗೆ ಸುತ್ತಿ, ಕೊನೆಗೆ ನಡುವಿನ ಮನೆಗೆ. ಹೊರಟ ಮನೆಯಿಂದ ಕಾಯಿ ಹಣ್ಣಾಗುವವರೆಗೆ, ಅಂದರೆ ಮಧ್ಯದ ಮನೆ ಸೇರುವವರೆಗೆ, 24 ಹೆಜ್ಜೆ.

ಮೂರೂವರೆಯ ಮಗು ಬೀಜ ಹಾಕುತ್ತದೆ, ಬಿಳಿ ಎಷ್ಟು ಬಿತ್ತೆಂದು ಹೇಳುತ್ತದೆ. ಅದರ ಆಟ ಅಷ್ಟೇ. ಬೀಜ ಕೋಣೆಯಿಡೀ ಹಾರದಂತೆ ಅಂಚಿರುವ ತಟ್ಟೆಯೊಂದನ್ನು ಮುಂದಿಟ್ಟು, ಅದರೊಳಗೇ ಹಾಕಿಸಿ.

ಕಾಯಿ ನಡೆಸುವುದು ಆರರ ಮಗು. ಬಹುತೇಕ ಎಲ್ಲ ಮಕ್ಕಳೂ ಎಡವುವುದು ಇಲ್ಲೇ: ಕಾಯಿ ನಿಂತಿರುವ ಮನೆಯನ್ನೇ ‘ಒಂದು’ ಎಂದು ಎಣಿಸುತ್ತಾರೆ, ಮೂರು ಬಿದ್ದರೆ ಎರಡೇ ಮನೆ ಮುಂದೆ ಹೋಗುತ್ತಾರೆ. ಬಾಯಲ್ಲಿ ತಿದ್ದಿದರೆ ಉಪಯೋಗವಿಲ್ಲ. ಕಾಯಿಯನ್ನು ಕೈಯಲ್ಲಿ ಎತ್ತಿಸಿ, ಮುಂದಿನ ಮನೆಯಲ್ಲಿ ‘ಟಕ್’ ಎಂದು ಇಡುವಾಗಲೇ ‘ಒಂದು’ ಅನ್ನಿಸಿ. ಶಬ್ದಕ್ಕೂ ಎಣಿಕೆಗೂ ಗಂಟು ಬಿದ್ದ ಮೇಲೆ ತಪ್ಪು ತಾನಾಗಿ ಹೋಗುತ್ತದೆ. ಸಂಖ್ಯಾರೇಖೆಯ ಮೇಲೆ ಕೂಡುವಾಗಲೂ ಮಕ್ಕಳು ಮಾಡುವುದು ಇದೇ ತಪ್ಪು, ಆದ್ದರಿಂದ ಇಲ್ಲಿ ಹಾಕಿದ ಶ್ರಮ ಅಲ್ಲಿಗೂ ಒದಗುತ್ತದೆ. ಈ ವಯಸ್ಸಿಗೆ ಎರಡು ಕಾಯಿ ಸಾಕು. ನಾಲ್ಕು ಕೊಟ್ಟರೆ ಆಟ ಮುಗಿಯುವುದೇ ಇಲ್ಲ, ಕಾಯಿ ಹೊಡೆಸಿಕೊಂಡಾಗ ಅಳುವೂ ಎರಡು ಪಟ್ಟು!

ಒಂಬತ್ತರ ಮಗುವಿನ ಕೈಗೆ ಪುಸ್ತಕ, ಪೆನ್ಸಿಲ್. ಪ್ರತಿ ಸಲ ಬಿದ್ದದ್ದನ್ನು 1, 2, 3, 4, 8 ಎಂಬ ಐದು ಕಂಬಸಾಲಿನಲ್ಲಿ ಗೆರೆ ಹಾಕಿ ಲೆಕ್ಕ ಇಡಬೇಕು. ನೂರು ಗೆರೆ ತುಂಬಿದ ಮೇಲೆ ‘ಎರಡೇ ಯಾಕೆ ಇಷ್ಟು ಸಲ?’ ಎಂದು ಕೇಳಿ. ನಾಲ್ಕು ಬೀಜ ಬೀಳುವ ಬಗೆಗಳನ್ನು ಬರೆಸಿದರೆ 16 ಬರುತ್ತವೆ: ಎರಡು ಬೀಳಲು 6 ದಾರಿ, ಒಂದಕ್ಕೆ 4, ಮೂರಕ್ಕೆ 4, ಚೌಕಕ್ಕೂ ಬಾರಕ್ಕೂ ಒಂದೊಂದೇ. ಪುಸ್ತಕದ ಲೆಕ್ಕ ಇದಕ್ಕೆ ಸರಿಯಾಗಿ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು. ತಿಕ್ಕಿದ ಬೀಜದ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎರಡೂ ಸಮಸಮ ಬೀಳಬೇಕೆಂದೇನಿಲ್ಲ. ಹತ್ತಿಪ್ಪತ್ತು ಸಲಕ್ಕೇ ತೀರ್ಮಾನಕ್ಕೆ ಬರಲು ಬಿಡಬೇಡಿ, ಅಷ್ಟರಲ್ಲಿ ಮೂರು ಬಾರ ಬಿದ್ದರೂ ಬೀಳಬಹುದು.

ಚುಕ್ಕಿ ರಂಗೋಲಿಗೂ ಇದೇ ಕ್ರಮ. 1-3-5-7-5-3-1ರ ಚುಕ್ಕಿ ಇಡುವಾಗ ನಡುವಿನ 7ರ ಸಾಲನ್ನೇ ಮೊದಲು ಹಾಕಿ. ತುದಿಯ ಒಂದು ಚುಕ್ಕಿಯಿಂದ ಶುರುಮಾಡಿದರೆ ಕೆಳಗೆ ಬರುವಷ್ಟರಲ್ಲಿ ಸಾಲು ಒಂದು ಕಡೆ ವಾಲಿರುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಮಗುವಿನ ಎರಡು ಬೆರಳು ಅಂತರ. ಚಿಕ್ಕದು ಚುಕ್ಕಿಯ ಮೇಲೆ ಹೂವಿನ ಎಸಳು ಇಡಲಿ. ಅರ್ಧ ರಂಗೋಲಿ ನೀವು ಬರೆದು, ಉಳಿದರ್ಧ ಆರರದಕ್ಕೆ ಬಿಡಿ. ದೊಡ್ಡದಕ್ಕೆ ಸಾಲು ಸಾಲಾಗಿ ಕೂಡಿಸಲು ಹೇಳಿ: 1, 4, 9, 16. ಕೆಳಗಿನ ಭಾಗ 9, ಒಟ್ಟು 25. ನಡುಸಾಲು 9 ಆದರೆ ಒಟ್ಟು ಎಷ್ಟೆಂದು ಚುಕ್ಕಿ ಇಡದೆಯೇ ಹೇಳಬಲ್ಲದೇ ನೋಡಿ (41).

ಅಕ್ಷರಕ್ಕೆ ರವೆಯ ತಟ್ಟೆ. ಒಂದಡಿ ಅಗಲದ ತಟ್ಟೆಗೆ ಒಂದು ಲೋಟ ರವೆ, 3 ಮಿ.ಮೀ. ದಪ್ಪ. ಹೆಚ್ಚು ಹಾಕಿದರೆ ಬೆರಳೆಳೆದ ಗೆರೆ ಎರಡೂ ಕಡೆಯಿಂದ ಕುಸಿದು ಮುಚ್ಚುತ್ತದೆ. ಸ್ಟೀಲ್ ತಟ್ಟೆಯಲ್ಲಿ ಗೆರೆ ಎದ್ದು ಕಾಣುವುದಿಲ್ಲ, ತಳಕ್ಕೆ ಕಪ್ಪು ಕಾಗದ ಕತ್ತರಿಸಿ ಹಾಸಿ. ರವೆಯನ್ನು ಹುರಿದಿಟ್ಟುಕೊಂಡರೆ ಬೇಗ ಹುಳ ಬೀಳುವುದಿಲ್ಲ. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯುವ ಬದಲು ನಾನು ನಲಿ-ಕಲಿಯಂತೆ ರ, ಗ, ಸ, ದ, ಅ ಇವುಗಳಿಂದ ಶುರುಮಾಡುತ್ತೇನೆ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಓದಲು ಬರುತ್ತವೆ. ಜ, ವ, ಮ, ಬ, ನ ಸೇರಿದರೆ ಮರ, ಮಗ, ದನ, ನಗರ. ಚಿಕ್ಕ ಮಗು ರವೆಯಲ್ಲಿ ಬರೀ ಸುತ್ತು, ಅಲೆ ಎಳೆದುಕೊಂಡಿರಲಿ, ಅಕ್ಷರಕ್ಕೆ ಅವಸರವಿಲ್ಲ.

ಒಂಬತ್ತರವರಿಗೆ ತೊಡಕು ಒತ್ತಕ್ಷರದಲ್ಲಿ. ಅಕ್ಕ, ಅಜ್ಜ, ಅಪ್ಪ ಸಲೀಸು. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದಂತೆ ಇರುವುದಿಲ್ಲ, ಹಾಗಾಗಿ ಅವುಗಳಿಗೆ ಬೇರೆಯೇ ಚೀಟಿ ಮಾಡಬೇಕು. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದುವ ಮಗುವಿನದು ತಪ್ಪೇನಲ್ಲ: ಮೊದಲು ಉಚ್ಚರಿಸುವ ರ್ ಕಾಗದದ ಮೇಲೆ ಕೊನೆಗೆ ಬಂದಿರುತ್ತದೆ, ಕಣ್ಣು ಎಡದಿಂದ ಬಲಕ್ಕೇ ಹೋಗುತ್ತದೆ. ಅರ್ಕಾವತ್ತನ್ನು ಕೆಂಪು ಪೆನ್ನಿನಲ್ಲಿ ಬರೆದು, ಅಲ್ಲಿಂದ ಹಿಂದಿನ ಅಕ್ಷರದ ಎಡಕ್ಕೆ ಬಾಗಿದ ಬಾಣ ಹಾಕಿ. ಕಾರ್ಯ, ಮಾರ್ಗ, ದರ್ಜಿ, ಗರ್ಜನೆ ಹೀಗೆ ಹತ್ತು ಚೀಟಿ. ಓದು ಕೂತ ಮೇಲೆ ಮೊದಲು ಬಾಣ ತೆಗೆಯಿರಿ, ಆಮೇಲೆ ಬಣ್ಣ.

ಅಳತೆಗೆ ಅಜ್ಜಿಯ ಕಾಲದ ಸೇರು, ಪಾವು ಹುಡುಕಿ ತೆಗೆಯಿರಿ. ಚಿಕ್ಕದು ರಾಗಿ ಸುರಿಯುತ್ತದೆ, ಆರರದು ಸೇರಿಗೆ ಎಷ್ಟು ಪಾವೆಂದು ಎಣಿಸುತ್ತದೆ. ನಾಲ್ಕು ಬರಬೇಕು. ಮೂರು ಚಿಲ್ಲರೆಗೇ ಸೇರು ತುಂಬಿದರೆ ಪಾವನ್ನು ಗೋಪುರದಂತೆ ತುಂಬಿದ್ದಾರೆಂದು ಅರ್ಥ. ಸ್ಕೇಲಿನಿಂದ ಬಾಯಿಮಟ್ಟಕ್ಕೆ ಸವರಿಸಿ. ದೊಡ್ಡದು ಒಂದೊಂದು ಪಾವು ಅಕ್ಕಿ, ರಾಗಿ, ಮಂಡಕ್ಕಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗ್ರಾಮಿನಲ್ಲಿ ಬರೆದಿಡಲಿ.

ಇನ್ನು ಗಲಾಟೆಯ ವಿಷಯ. ತಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಹೇಳಿಬಿಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಚಿಕ್ಕವರ ಸರದಿಯಲ್ಲಿ ದೊಡ್ಡವರು ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ ಎಂಬ ನಿಯಮ ನಮ್ಮಲ್ಲಿದೆ. ಶುರು ಯಾವಾಗಲೂ ಅತಿ ಚಿಕ್ಕವರಿಂದ. ಅವರ ಗಮನ ಹತ್ತು ನಿಮಿಷ ನಿಂತರೆ ಹೆಚ್ಚು. ಆಮೇಲೆ ಅವರಿಗೆ ಒಂದು ಬೋಗುಣಿ ನೀರು, ಎರಡು ಲೋಟ ಕೊಟ್ಟು ಬಚ್ಚಲ ಬಾಗಿಲಲ್ಲಿ ಕಣ್ಣಳತೆಯಲ್ಲೇ ಕೂರಿಸಿ. ದೊಡ್ಡವರ ಪೂರ್ತಿಯಾಗದ ರಂಗೋಲಿ, ಚೀಟಿಗಳ ಸಾಲು ಟೇಬಲ್ಲಿನ ಮೇಲೆ ಹೋಗಲಿ. ನೆಲದ ಮೇಲೆ ಬಿಟ್ಟದ್ದು ಉಳಿಯುವುದಿಲ್ಲ.